ಹಿತ್ತಾಳೆ ಪಾವಿಗೆ ಗ್ರಾಂ ಲೆಕ್ಕ ಕಟ್ಟಿದ ಕೆಲಸ

ನಮ್ಮ ಅಡುಗೆಮನೆಗೆ ಅಳತೆಗಳು ಮೂರು ದಿಕ್ಕುಗಳಿಂದ ಬರುತ್ತವೆ. ಅಮ್ಮನ ನೋಟ್‌ಬುಕ್ಕಿನಲ್ಲಿ ಎಲ್ಲವೂ ಪಾವು, ಅಚ್ಚೇರು, ಚಟಾಕುಗಳಲ್ಲಿದೆ. ಮೆಲ್ಬರ್ನಿನಲ್ಲಿರುವ ತಂಗಿ ಬರೆದು ಕಳುಹಿಸುವ ತಿಂಡಿಗಳೆಲ್ಲ ಕಪ್ ಮತ್ತು ಟೇಬಲ್ ಸ್ಪೂನಿನಲ್ಲಿರುತ್ತವೆ. ಅಂಗಡಿಯಿಂದ ತರುವ ಪೊಟ್ಟಣಗಳ ಮೇಲೆ ಗ್ರಾಂ ಅಚ್ಚಾಗಿರುತ್ತದೆ. ಈ ಮೂರನ್ನೂ ಒಂದೇ ಹಾಳೆಯ ಮೇಲೆ ತಂದು, ಆ ಹಾಳೆಯನ್ನು ದಿನಸಿ ಕಪಾಟಿನ ಬಾಗಿಲ ಒಳಗಡೆ ಅಂಟಿಸುವುದು ನಾನು ಕೈಗೆತ್ತಿಕೊಂಡ ಕೆಲಸ. ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಚಿತ್ರದ ಚೌಕಟ್ಟಿನಿಂದ ಬಿಚ್ಚಿದ ಗಾಜಿನ ತುಂಡು, ಸ್ಟೀಲ್ ಸ್ಕೇಲ್, ಮತ್ತು ಮನೆಯಲ್ಲಿ ನಿತ್ಯ ಬಳಸುವ ಪಾತ್ರೆಗಳು.

ಇಂಥ ಪಟ್ಟಿಗಳು ಸಿದ್ಧವಾಗಿಯೇ ಸಿಗುತ್ತವಲ್ಲ ಎಂದು ಕೇಳಬಹುದು. ಸಿಗುತ್ತವೆ, ಆದರೆ ಅವು ಯಾರ ಕಪ್ಪಿಗೆ ಸೇರಿದವು ಎಂಬುದು ಹೆಚ್ಚಿನ ಪಟ್ಟಿಗಳಲ್ಲಿ ಬರೆದಿರುವುದಿಲ್ಲ. ಅಮೆರಿಕದ ರೂಢಿಯ ಕಪ್ 236.6 ಮಿಲಿಲೀಟರ್, ಅದೇ ದೇಶದ ಆಹಾರ ಪೊಟ್ಟಣಗಳ ಪೋಷಕಾಂಶದ ಲೆಕ್ಕಕ್ಕೆ ಬಳಸುವ ಕಪ್ 240, ಆಸ್ಟ್ರೇಲಿಯದ ಕಪ್ 250, ಜಪಾನಿನದು 200, ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180. ಟೇಬಲ್ ಸ್ಪೂನ್ ಬೇರೆ ಕಡೆ 15 ಮಿಲಿಲೀಟರ್ ಆದರೆ ಆಸ್ಟ್ರೇಲಿಯದಲ್ಲಿ 20. ಕುಕ್ಕರಿನ ಕಪ್ಪನ್ನೇ ಕಪ್ ಎಂದು ಹಿಡಿದು 240ರ ಲೆಕ್ಕದ ಕೇಕ್ ಮಾಡಲು ಹೊರಟವರ ಮೈದಾ ನಾಲ್ಕನೆಯ ಒಂದು ಪಾಲು ಕಡಿಮೆ ಬೀಳುತ್ತದೆ.

ಪಾವಿನ ಕಥೆ ಇನ್ನೂ ಸಿಕ್ಕುಸಿಕ್ಕಾಗಿದೆ. ನಾಲ್ಕು ಪಾವು ಒಂದು ಸೇರು, ಎರಡು ಪಾವು ಅಚ್ಚೇರು, ಪಾವಿನಲ್ಲಿ ನಾಲ್ಕು ಚಟಾಕು ಎಂಬ ಪ್ರಮಾಣವೇನೋ ಗಟ್ಟಿಯಾಗಿದೆ. ಸೇರು ಎಂದರೆ ಎಷ್ಟು ಎಂಬುದು ಊರಿನಿಂದ ಊರಿಗೆ ಬದಲಾಗುತ್ತಿತ್ತು. ತೂಕದ ಸೇರಿಗೆ ಬ್ರಿಟಿಷರ ಕಾಲದ ಕಾನೂನು 80 ತೊಲ, ಅಂದರೆ 933.10 ಗ್ರಾಂ ಎಂದು ನಿಗದಿ ಮಾಡಿತ್ತು, ಆ ಲೆಕ್ಕದಲ್ಲಿ ಪಾವು 233 ಗ್ರಾಂ, ಚಟಾಕು 58 ಗ್ರಾಂ ಆಗುತ್ತದೆ. ಆದರೆ ಅಕ್ಕಿ, ರಾಗಿ, ಬೇಳೆಗಳನ್ನು ಅಳೆಯುತ್ತಿದ್ದುದು ತೂಕದ ಸೇರಿನಿಂದಲ್ಲ, ಪಾತ್ರೆಯ ಸೇರಿನಿಂದ. 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಯಾದ ಮೇಲೆ ಅಂಗಡಿಗಳಿಂದ ಸೇರು ಪಾವುಗಳು ಮರೆಯಾದವು, ಅಡುಗೆಮನೆಗಳಿಂದ ಮರೆಯಾಗಲಿಲ್ಲ. ಹಾಗಾಗಿ ನನಗೆ ಬೇಕಾಗಿದ್ದುದು ಶಾಸ್ತ್ರದ ಪಾವಲ್ಲ, ನಮ್ಮ ಅಕ್ಕಿ ಡಬ್ಬಿಯೊಳಗೆ ಕೂತಿರುವ ಈ ಒಂದು ಹಿತ್ತಾಳೆ ಪಾವು.

ಮೊದಲು ತಕ್ಕಡಿಯನ್ನೇ ಪರೀಕ್ಷಿಸಬೇಕು. ಮನೆಯಲ್ಲಿ ತೂಕದ ಕಲ್ಲುಗಳಿಲ್ಲದಿದ್ದರೆ ಹತ್ತು ರೂಪಾಯಿಯ ಎರಡು ಬಣ್ಣದ ನಾಣ್ಯಗಳು ಒಳ್ಳೆಯ ಬದಲಿ. ಒಂದೊಂದರ ನಿಗದಿತ ತೂಕ 7.71 ಗ್ರಾಂ, ಆದ್ದರಿಂದ ಹದಿಮೂರು ನಾಣ್ಯಗಳು 100.2 ಗ್ರಾಂ ತೂಗಬೇಕು. ನನ್ನ ತಕ್ಕಡಿ 100 ತೋರಿಸಿತು. ಅದೇ ನಾಣ್ಯಗಳ ಗಂಟನ್ನು ತಟ್ಟೆಯ ನಾಲ್ಕು ಅಂಚುಗಳಲ್ಲಿ ಇಟ್ಟು ನೋಡಿದೆ. ಬಲ ಅಂಚಿನಲ್ಲಿ ಒಂದು ಗ್ರಾಂ ಏರುತ್ತದೆ, ಹಾಗಾಗಿ ಪಾತ್ರೆಯನ್ನು ಯಾವಾಗಲೂ ನಡುವೆಯೇ ಇಡಬೇಕು. ಭಾರ ಹೆಚ್ಚಾದಾಗಲೂ ತಕ್ಕಡಿ ಸರಿಯಾಗಿ ನಡೆಯುತ್ತದೆಯೇ ಎಂದು ತಿಳಿಯಲು, ನೀರು ತುಂಬಿದ ಪಾತ್ರೆಯೊಂದನ್ನು ಮೊದಲು ಇಟ್ಟು, ಅದರ ಮೇಲೆ ನಾಣ್ಯಗಳನ್ನು ಹೇರಿ, ಏರಿಕೆ ಮತ್ತೆ 100 ಆಗುತ್ತದೆಯೇ ಎಂದು ನೋಡಿದರೆ ಸಾಕು. ಒಂದು ಕಿಲೋ ಉಪ್ಪಿನ ಪೊಟ್ಟಣವನ್ನು ತೂಕದ ಕಲ್ಲಿನಂತೆ ಬಳಸುವ ಸಲಹೆಯನ್ನು ಅಲ್ಲಲ್ಲಿ ಕೊಡುತ್ತಾರೆ, ಅದು ಅಷ್ಟು ಒಳ್ಳೆಯದಲ್ಲ. ಅರ್ಧ ಕಿಲೋದಿಂದ ಒಂದು ಕಿಲೋವರೆಗಿನ ಪೊಟ್ಟಣಗಳಲ್ಲಿ 15 ಗ್ರಾಂವರೆಗಿನ ವ್ಯತ್ಯಾಸಕ್ಕೆ ನಿಯಮವೇ ಅವಕಾಶ ಕೊಡುತ್ತದೆ.

ಪಾವಿನ ಗಾತ್ರವನ್ನು ನೀರಿನಿಂದ ಅಳೆದೆ. ಖಾಲಿ ಪಾವು 312 ಗ್ರಾಂ. ನೀರು ತುಂಬುವಾಗ ಒಂದು ತೊಡಕಿದೆ: ಅಂಚು ಮುಟ್ಟಿದ ಮೇಲೂ ನೀರು ಚೆಲ್ಲದೆ ಗುಮ್ಮಟದಂತೆ ಉಬ್ಬಿ ನಿಲ್ಲುತ್ತದೆ, ಮತ್ತು ಏಳು ಸೆಂಟಿಮೀಟರ್ ಬಾಯಿಯ ಪಾತ್ರೆಯಲ್ಲಿ ಈ ಉಬ್ಬೇ ಸುಮಾರು ಹತ್ತು ಗ್ರಾಂ ಇರಬಹುದು. ಅದಕ್ಕಾಗಿ ಪಾವನ್ನು ಉಬ್ಬುವವರೆಗೆ ತುಂಬಿ, ಗಾಜಿನ ತುಂಡನ್ನು ಒಂದು ಬದಿಯಿಂದ ಅಂಚಿನ ಮೇಲೆಯೇ ಜಾರಿಸುತ್ತ ತಂದು ಬಾಯಿಯನ್ನು ಪೂರ್ತಿ ಮುಚ್ಚಬೇಕು. ಗಾಜಿನ ಕೆಳಗೆ ಗಾಳಿಯ ಗುಳ್ಳೆ ಕಾಣಿಸಿದರೆ ನೀರು ಸಾಲದು ಎಂದರ್ಥ. ಹೊರಗೆ ಹರಿದ ನೀರನ್ನು ಒರೆಸಿ, ಗಾಜಿನ ಸಮೇತ ತೂಗಿ, ಗಾಜಿನ ತೂಕ ಕಳೆದೆ: 581 ಗ್ರಾಂ. ಅಂದರೆ ನೀರು 269 ಗ್ರಾಂ. ನೀರಿನ ಸಾಂದ್ರತೆ 28 ಡಿಗ್ರಿಯಲ್ಲಿ 0.996 ಇರುವುದರಿಂದ ಪಾವಿನ ಗಾತ್ರ 270 ಮಿಲಿಲೀಟರ್. ಈ ಕೊನೆಯ ತಿದ್ದುಪಡಿ ಅಡುಗೆಗೆ ಬೇಕಿಲ್ಲ, ಲೆಕ್ಕ ಬರೆಯುವವನ ಸಮಾಧಾನಕ್ಕೆ ಇರಲಿ.

ತಕ್ಕಡಿಯ ಎರಡು ಗುಣಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಅಗ್ಗದ ತಕ್ಕಡಿಗಳು ಸೊನ್ನೆಯ ಸುತ್ತಮುತ್ತಲಿನ ಅಲ್ಪಸ್ವಲ್ಪ ಬದಲಾವಣೆಯನ್ನು ತಾವಾಗಿಯೇ ಅಳಿಸಿಹಾಕುವಂತೆ ತಯಾರಾಗಿರುತ್ತವೆ. ಸೊನ್ನೆ ಮಾಡಿದ ಬಟ್ಟಲಿಗೆ ಸಾಸಿವೆಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತ ಹೋದರೆ, ಮೂರು ನಾಲ್ಕು ಗ್ರಾಂ ಬಿದ್ದ ಮೇಲೂ ಪರದೆಯ ಮೇಲೆ ಸೊನ್ನೆಯೇ ಇರುತ್ತದೆ. ಬಟ್ಟಲನ್ನು ಎತ್ತಿದಾಗ ಪರದೆಯ ಮೇಲಿನ ಮೈನಸ್ ಸಂಖ್ಯೆ ಖಾಲಿ ಬಟ್ಟಲಿನ ತೂಕಕ್ಕಿಂತ ಅಷ್ಟು ಹೆಚ್ಚಿರುವುದರಿಂದ ನಿಜ ಹೊರಬೀಳುತ್ತದೆ. ಸಣ್ಣ ಪ್ರಮಾಣದ ಸಾಮಗ್ರಿಯನ್ನು ಬೇರೆ ಕಡೆ ತೆಗೆದಿಟ್ಟುಕೊಂಡು ಒಟ್ಟಿಗೆ ಸುರಿಯುವುದೇ ಇದಕ್ಕೆ ಉಪಾಯ. ಎರಡನೆಯದು ಮಿಲಿಲೀಟರ್ ತೋರಿಸುವ ಗುಂಡಿ. ತಕ್ಕಡಿಗೆ ಗಾತ್ರ ಗೊತ್ತಾಗುವ ದಾರಿಯೇ ಇಲ್ಲ. ಅದು ತೂಕವನ್ನು ನೀರಿನ, ಕೆಲವು ತಕ್ಕಡಿಗಳಲ್ಲಿ ಹಾಲಿನ, ಸಾಂದ್ರತೆಯಿಂದ ಭಾಗಿಸಿ ತೋರಿಸುತ್ತದೆ. ಆ ಗುಂಡಿಯನ್ನು ನಂಬಿ ಎಣ್ಣೆ ಅಳೆದರೆ, ನಿಜವಾಗಿ ಅರ್ಧ ಲೀಟರ್ ಇರುವಾಗ 460ರ ಆಸುಪಾಸಿನ ಸಂಖ್ಯೆ ಕಾಣಿಸುತ್ತದೆ.

ಇಷ್ಟಾದ ಮೇಲೆ ಅಕ್ಕಿ. ಸೋನಾ ಮಸೂರಿಯನ್ನು ಪಾವಿಗೆ ಸಡಿಲವಾಗಿ ಸುರಿದು, ಸ್ಟೀಲ್ ಸ್ಕೇಲಿನ ಅಂಚಿನಿಂದ ಬಾಯಿಗೆ ಸಮನಾಗಿ ಸವರಿ ತೂಗಿದಾಗ 224 ಗ್ರಾಂ ಬಂತು. ಪಾವನ್ನು ಕಟ್ಟೆಗೆ ತಟ್ಟಿ ತಟ್ಟಿ ತುಂಬಿದರೆ 236. ಎದುರಿಗೆ ನಿಂತು ನೋಡುತ್ತಿದ್ದ ಅಮ್ಮ, "ಅಕ್ಕಿ ಅಳೆಯುವಾಗ ತಲೆ ಸವರಬಾರದು ಕಣೋ, ಗೋಪುರ ನಿಲ್ಲಬೇಕು" ಎಂದರು. ಅವರ ಕ್ರಮದಂತೆ ರಾಶಿ ನಿಲ್ಲಿಸಿ ತೂಗಿದಾಗ ತಕ್ಕಡಿ 250 ತೋರಿಸಿತು. ಪಾವು ಅಂದರೆ ಕಾಲು ಕಿಲೋ ಎಂದು ಮನೆಮನೆಗಳಲ್ಲಿ ಹೇಳುವ ಮಾತು ನಮ್ಮ ಪಾತ್ರೆಯ ಮಟ್ಟಿಗೆ ನಿಜವಾಗುವುದು ಈ ಗೋಪುರದಿಂದ.

ಗೋಪುರದ ಪಾಲು ಎಷ್ಟಿರಬೇಕು ಎಂಬುದನ್ನು ಕಾಗದದ ಮೇಲೂ ತಾಳೆ ನೋಡಬಹುದು. ಒಣ ಅಕ್ಕಿ ಸುಮಾರು 35 ಡಿಗ್ರಿ ಇಳಿಜಾರಿನಲ್ಲಿ ರಾಶಿಯಾಗಿ ನಿಲ್ಲುತ್ತದೆ. ಪಾವಿನ ಬಾಯಿಯ ಅರ್ಧ ಅಗಲ 3.5 ಸೆಂಟಿಮೀಟರ್, ಆದ್ದರಿಂದ ಶಂಕುವಿನ ಎತ್ತರ ಸುಮಾರು 2.45 ಸೆಂಟಿಮೀಟರ್, ಅದರ ಗಾತ್ರ 31 ಮಿಲಿಲೀಟರ್. ಅಂದರೆ ಪಾವಿನ ಶೇಕಡಾ 12ರಷ್ಟು ಅಕ್ಕಿ ಅಂಚಿನ ಮೇಲೆಯೇ ಇರುತ್ತದೆ, ಮತ್ತು ತೂಕದಲ್ಲಿ ಅದು 26 ಗ್ರಾಂ. ತಕ್ಕಡಿ ಹೇಳಿದ್ದೂ ಅದನ್ನೇ. ಎತ್ತರಕ್ಕಿಂತ ಬಾಯಿ ಅಗಲವಾಗಿರುವ ಗಿಡ್ಡ ಪಾತ್ರೆಯಲ್ಲಿ ಈ ಪಾಲು ಇನ್ನೂ ಹೆಚ್ಚಾಗುತ್ತದೆ, ನೀಳವಾದ ಲೋಟದಲ್ಲಿ ಕಡಿಮೆಯಾಗುತ್ತದೆ. ಎರಡು ಪಾತ್ರೆಗಳು ನೀರಿನ ಅಳತೆಯಲ್ಲಿ ಸಮನಾಗಿದ್ದರೂ ರಾಶಿ ತುಂಬಿದಾಗ ಸಮನಾಗಿರಬೇಕಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಪ್ರತಿ ಸಾಮಗ್ರಿಯ ಮುಂದೆ ತೂಕಕ್ಕಿಂತ ಮೊದಲು ತುಂಬಿದ ಬಗೆಯನ್ನು ಬರೆಯಲು ನಿರ್ಧರಿಸಿದೆ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಸಂಖ್ಯೆಗಳಿಗಿಂತ ಮುಖ್ಯವಾದ ಅಂಕಣ ಅದೇ. ತುಂಬಿದ ಬಗೆಯನ್ನು ಹೇಳದ ಯಾವ ಪಟ್ಟಿಯನ್ನೂ ನಾನು ಈಗ ನಂಬುವುದಿಲ್ಲ.

ಹಿಟ್ಟುಗಳಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಕ್ಕಿಯ ಕಾಳುಗಳ ನಡುವಿನ ಸಂದು ತಟ್ಟಿದರೆ ಸ್ವಲ್ಪ ಮಾತ್ರ ಕುಗ್ಗುತ್ತದೆ, ಹಿಟ್ಟಿನ ನಡುವಿನ ಗಾಳಿ ಬಹಳ ಕುಗ್ಗುತ್ತದೆ. ಜರಡಿ ಹಿಡಿದ ಕಡಲೆಹಿಟ್ಟನ್ನು ಚಮಚದಿಂದ ಉದುರಿಸಿ ಸವರಿದಾಗ ಪಾವಿಗೆ 116 ಗ್ರಾಂ. ಡಬ್ಬಿಯ ತಳದಲ್ಲಿ ಕೂತಿದ್ದ ಅದೇ ಹಿಟ್ಟನ್ನು ಪಾವಿನಿಂದಲೇ ಬಾಚಿ, ತಟ್ಟಿ, ಸವರಿದಾಗ 154. ಪಾತ್ರೆ ಒಂದೇ, ಹಿಟ್ಟೂ ಒಂದೇ, ವ್ಯತ್ಯಾಸ ಮೂರನೆಯ ಒಂದು ಪಾಲು. ಮಳೆಗಾಲದಲ್ಲಿ ಹಿಟ್ಟು ತೇವ ಹೀರಿಕೊಂಡು ತೂಕ ಬದಲಾಗುತ್ತದೆ ಎಂಬ ಮಾತು ಸರಿಯೇ, ಆದರೆ ತುಂಬುವ ಕೈಯಿಂದ ಆಗುವ ವ್ಯತ್ಯಾಸದ ಮುಂದೆ ಅದು ಲೆಕ್ಕಕ್ಕೆ ಸಿಗುವಂಥದ್ದಲ್ಲ. ಬೆಲ್ಲವೂ ಹೀಗೆಯೇ: ತುರಿದು ಸಡಿಲವಾಗಿ ತುಂಬಿದರೆ 162, ಬೆರಳಿನಿಂದ ಒತ್ತಿದರೆ 224.

ಹಾಳೆಯ ಮೇಲೆ ಬಂದ ಸಾಲುಗಳಲ್ಲಿ ಹೆಚ್ಚು ಬಳಕೆಯಾಗುವವು ಇವು. ಮೊದಲ ಸಂಖ್ಯೆ ನಮ್ಮ 270 ಮಿಲಿಲೀಟರಿನ ಪಾವಿಗೆ, ಎರಡನೆಯದು 240ರ ಕಪ್ಪಿಗೆ, ಎರಡೂ ಗ್ರಾಂಗಳಲ್ಲಿ.

ಸೋನಾ ಮಸೂರಿ ಅಕ್ಕಿ, ಸವರಿ: 224, 199
ತೊಗರಿಬೇಳೆ, ಸವರಿ: 226, 201
ಉದ್ದಿನಬೇಳೆ, ಸವರಿ: 229, 204
ಉಪ್ಪಿಟ್ಟಿನ ರವೆ, ಸವರಿ: 189, 168
ಅಕ್ಕಿಹಿಟ್ಟು, ಜರಡಿ ಹಿಡಿದು, ಸವರಿ: 143, 127
ರಾಗಿಹಿಟ್ಟು, ಜರಡಿ ಹಿಡಿದು, ಸವರಿ: 140, 124
ಸಕ್ಕರೆ, ಸವರಿ: 230, 204
ಗಟ್ಟಿ ಅವಲಕ್ಕಿ, ಸಡಿಲವಾಗಿ: 113, 100
ಪೇಪರ್ ಅವಲಕ್ಕಿ, ಸಡಿಲವಾಗಿ: 59, 52
ತೆಂಗಿನಕಾಯಿ ತುರಿ, ಒತ್ತದೆ: 95, 84
ಕರಗಿದ ತುಪ್ಪ: 246, 218
ಹಾಲು: 278, 247

ಸವರಿದ್ದಕ್ಕೆ ಗೋಪುರ ಸೇರಿಸಬೇಕಾದಾಗ ಕಾಳುಗಳಿಗೆ ಎಂಟರಲ್ಲಿ ಒಂದು ಪಾಲು ಹೆಚ್ಚಿಸಿಕೊಂಡರೆ ನಮ್ಮ ಪಾವಿಗೆ ಸಾಕಾಗುತ್ತದೆ. ತಂಗಿಯ 250ರ ಕಪ್ಪಿಗೆ ಬೇರೆ ಅಂಕಣ ಮಾಡಲಿಲ್ಲ; 240ರ ಸಂಖ್ಯೆಗೆ ಶೇಕಡಾ ನಾಲ್ಕು ಸೇರಿಸಿದರೆ ಆಯಿತು. ಅವಳ ಟೇಬಲ್ ಸ್ಪೂನ್ ಮಾತ್ರ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿದೆ: ನಮ್ಮಲ್ಲಿ ಮಾರುವ ಅಳತೆ ಚಮಚಗಳ ಟೀ ಚಮಚದಲ್ಲಿ ಅದು ಮೂರಲ್ಲ, ನಾಲ್ಕು.

ದ್ರವಗಳಲ್ಲಿ ಒತ್ತುವ, ತಟ್ಟುವ ಗೊಂದಲ ಇಲ್ಲದಿದ್ದರೂ ಎಣ್ಣೆಯ ಮಾತು ಸ್ವಲ್ಪ ಬೇರೆ. ಒಂದು ಲೀಟರ್ ಎಣ್ಣೆಯ ಪೊಟ್ಟಣದ ಮೇಲೆ 910 ಗ್ರಾಂ ಎಂದು ಇರುವುದನ್ನು ಎಲ್ಲರೂ ನೋಡಿರುತ್ತಾರೆ. ಎಣ್ಣೆ ಬಿಸಿಯಾದಷ್ಟೂ ಹಿಗ್ಗುತ್ತದೆ: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 893 ಗ್ರಾಂ ಮಾತ್ರ. ಕೆಲವು ತಯಾರಕರು ಗಾತ್ರದ ಪಕ್ಕದಲ್ಲಿ ಹೆಚ್ಚಿನ ಉಷ್ಣತೆಯನ್ನು ನಮೂದಿಸುತ್ತಿದ್ದುದರಿಂದ, ಉಷ್ಣತೆಯ ಉಲ್ಲೇಖವಿಲ್ಲದೆ ಗಾತ್ರವನ್ನೂ ಅದರ ಜೊತೆಗೆ ತೂಕವನ್ನೂ ಮುದ್ರಿಸುವಂತೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸೂಚನೆ ಕೊಟ್ಟಿತು. ಮನೆಯ ಬಳಕೆಗೆ ಎಣ್ಣೆ, ತುಪ್ಪ ಎರಡಕ್ಕೂ ಮಿಲಿಲೀಟರಿಗೆ 0.91 ಗ್ರಾಂ ಎಂದು ಇಟ್ಟುಕೊಂಡೆ. ತುಪ್ಪವನ್ನು ಕರಗಿಸಿಯೇ ಅಳೆಯಬೇಕು. ಹರಳುಗಟ್ಟಿದ ತುಪ್ಪವನ್ನು ಪಾವಿಗೆ ಬಾಚಿ ಹಾಕಿದರೆ ನಡುವೆ ಗಾಳಿ ಉಳಿಯುತ್ತದೆ.

ಹಾಳೆಯನ್ನು ಪರೀಕ್ಷೆಗೆ ಒಡ್ಡಲು ಅಮ್ಮನ ನೋಟ್‌ಬುಕ್ಕಿನಿಂದ ಮೈಸೂರು ಪಾಕನ್ನು ಆರಿಸಿಕೊಂಡೆ, ಏಕೆಂದರೆ ಅದರಲ್ಲಿ ಅಳತೆ ತಪ್ಪಿದರೆ ಮುಚ್ಚಿಹಾಕುವ ದಾರಿಯಿಲ್ಲ. ಅಲ್ಲಿರುವುದು ಇಷ್ಟೇ: ಕಡಲೆಹಿಟ್ಟು ಒಂದು, ಸಕ್ಕರೆ ಎರಡು, ತುಪ್ಪ ಎರಡು. ಇದು ಗಾತ್ರದ ಲೆಕ್ಕ. ಗ್ರಾಂಗೆ ಇಳಿಸಿದಾಗ ಹಿಟ್ಟು 116, ಸಕ್ಕರೆ 460, ತುಪ್ಪ 492 ಆಗುತ್ತದೆ, ಅಂದರೆ ತೂಕದಲ್ಲಿ ಒಂದಕ್ಕೆ ನಾಲ್ಕು, ನಾಲ್ಕೂಕಾಲು. ತಕ್ಕಡಿ ಹಿಡಿದವರೊಬ್ಬರು ಒಂದು, ಎರಡು, ಎರಡು ಎಂಬುದನ್ನು ತೂಕದ ಪ್ರಮಾಣವೆಂದು ಓದಿ 250 ಗ್ರಾಂ ಹಿಟ್ಟಿಗೆ ಅರ್ಧ ಕಿಲೋ ಸಕ್ಕರೆ, ಅರ್ಧ ಕಿಲೋ ತುಪ್ಪ ಹಾಕಿದರೆ, ಹಿಟ್ಟಿಗೆ ಸಲ್ಲಬೇಕಾದ ಪಾಕದ ಅರ್ಧದಷ್ಟೇ ಸೇರಿ, ಗೂಡುಗೂಡಾಗಿ ಬಿಡಬೇಕಾದದ್ದು ಹಿಟ್ಟಿನ ಗಟ್ಟಿಯಾಗಿ ಕೂರುತ್ತದೆ. ಗ್ರಾಂಗೆ ಇಳಿಸಿದ ಪ್ರಮಾಣದಲ್ಲಿ ಮಾಡಿದಾಗ ಪಾಕ ಬಾಣಲೆಯ ಬದಿ ಬಿಡುವ ಹೊತ್ತಿಗೆ ತುಪ್ಪ ನೊರೆಯಾಗಿ ಮೇಲೆ ಬಂತು, ಕತ್ತರಿಸಿದಾಗ ತುಂಡುಗಳ ನಡುವೆ ಸಣ್ಣ ರಂಧ್ರಗಳು ಸರಿಯಾಗಿ ಕಂಡವು. ಅಮ್ಮನ ಒಂದು ಪಾವು ಹಿಟ್ಟು ಜರಡಿ ಹಿಡಿದದ್ದೇ ಎಂಬುದನ್ನೂ ಅವರಿಂದ ಕೇಳಿ ಖಚಿತಪಡಿಸಿಕೊಂಡು, ಆ ಪುಟದ ಅಂಚಿನಲ್ಲಿ ಬರೆದಿದ್ದೇನೆ.

ಉಪ್ಪಿನ ವಿಷಯ ರುಚಿಗಿಂತ ಮುಂದೆ ಹೋಗುತ್ತದೆ. ಪುಡಿ ಉಪ್ಪು ಪಾವಿಗೆ 324 ಗ್ರಾಂ ತೂಗಿದರೆ ನಮ್ಮಲ್ಲಿದ್ದ ಕಲ್ಲುಪ್ಪು 262 ತೂಗಿತು. ಮಾವಿನ ಉಪ್ಪಿನಕಾಯಿಗೆ ಅಮ್ಮ ಬರೆದಿರುವ ಪಾವುಗಳೆಲ್ಲ ಪುಡಿ ಮಾಡದ ಕಲ್ಲುಪ್ಪಿನವು. ಅಷ್ಟೇ ಪಾವು ಪುಡಿ ಉಪ್ಪು ಹಾಕಿದರೆ ಕಾಲು ಭಾಗದಷ್ಟು ಹೆಚ್ಚು ಉಪ್ಪಾಗುತ್ತದೆ, ಅದು ತಿನ್ನಲು ಕಷ್ಟ. ಪುಡಿ ಉಪ್ಪಿನ ಲೆಕ್ಕವನ್ನು ಕಲ್ಲುಪ್ಪಿಗೆ ಬಳಸಿದರೆ ಉಪ್ಪು ಕಡಿಮೆಯಾಗಿ ಮಳೆಗಾಲದಲ್ಲಿ ಜಾಡಿಯ ಮೇಲೆ ಬೂಷ್ಟು ಬರುವ ಸಂಭವವಿದೆ. ಉಪ್ಪಿನಕಾಯಿಯ ಪುಟಗಳಲ್ಲಿ ಪಾವನ್ನು ಹೊಡೆದುಹಾಕಿ ಗ್ರಾಂ ಮಾತ್ರ ಉಳಿಸಿದ್ದೇನೆ.

ಎಲ್ಲವನ್ನೂ ಗ್ರಾಂಗೆ ಇಳಿಸುವ ಹುಮ್ಮಸ್ಸು ಕೂಡ ಬೇಕಿಲ್ಲ. ಇಡ್ಲಿಗೆ ಒಂದು ಪಾವು ಉದ್ದಿಗೆ ಮೂರು ಪಾವು ಅಕ್ಕಿ ಎಂದರೆ, ಎರಡರ ಸಾಂದ್ರತೆಯೂ ಹತ್ತಿರ ಹತ್ತಿರ ಇರುವುದರಿಂದ ಗಾತ್ರದ ಪ್ರಮಾಣವೇ ತೂಕದ ಪ್ರಮಾಣ. ಯಾವ ಪಾತ್ರೆಯಾದರೂ ನಡೆಯುತ್ತದೆ. ಅಕ್ಕಿಯ ಬದಲು ಇಡ್ಲಿ ರವೆ ಬಂದಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ರವೆ ಹಗುರ. ಗಾತ್ರದಲ್ಲಿ ಒಂದಕ್ಕೆ ಎರಡು ಎಂಬುದು ಉಪ್ಪಿಟ್ಟಿನ ರವೆಯ ಸಾಂದ್ರತೆಯನ್ನೇ ಹಿಡಿದರೆ ತೂಕದಲ್ಲಿ ಒಂದಕ್ಕೆ 1.65 ಆಗುತ್ತದೆ. ಅನ್ನಕ್ಕೆ ನೀರಿಡುವಾಗಲೂ ಒಂದಕ್ಕೆ ಎರಡು ಎಂಬ ಪಾತ್ರೆಯ ಲೆಕ್ಕ ತೂಕದಲ್ಲಿ ಒಂದಕ್ಕೆ 2.4. ಅಕ್ಕಿಯನ್ನು ತೂಗಿ ನೀರನ್ನೂ ಎರಡರಷ್ಟೇ ತೂಗಿ ಇಟ್ಟರೆ ಅನ್ನ ಬಿರುಸಾಗುತ್ತದೆ.

ಕೊನೆಗೆ ಪಾತ್ರೆಗಳಿಗೆ ಗುರುತು ಹಾಕುವ ಕೆಲಸ. ಅಗಲ ಬಾಯಿಯ ಗಾಜಿನ ಜಾಡಿಯೊಂದರ ಹೊರಗೆ ಕಾಗದದ ಟೇಪನ್ನು ನೆಟ್ಟಗೆ ಅಂಟಿಸಿ, ತಕ್ಕಡಿಯ ಮೇಲೆಯೇ ಇಟ್ಟು 25 ಗ್ರಾಂನಂತೆ ನೀರು ಸುರಿಯುತ್ತ, ಪ್ರತಿ ಸಲವೂ ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಗೆರೆ ಎಳೆದೆ. ಗಾಜಿನ ಬದಿಯಲ್ಲಿ ನೀರು ಸ್ವಲ್ಪ ಮೇಲೇರಿ ನಿಲ್ಲುವುದರಿಂದ, ನಡುವಿನ ತಗ್ಗಿನ ಮಟ್ಟಕ್ಕೆ ಗೆರೆ ಬರಬೇಕು. ಜಾಡಿ ಮೇಲಕ್ಕೆ ಹೋದಂತೆ ಅಗಲವಾಗುವುದರಿಂದ ಗೆರೆಗಳು ಹತ್ತಿರವಾಗುತ್ತ ಹೋದವು. ಎರಡು ಗೆರೆ ಎಳೆದು ನಡುವನ್ನು ಸ್ಕೇಲಿನಿಂದ ಸಮನಾಗಿ ಪಾಲು ಮಾಡುವ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ. ಗೆರೆಗಳ ಮೇಲೆ ಅಗಲವಾದ ಪಾರದರ್ಶಕ ಟೇಪು ಸುತ್ತಿದ್ದೇನೆ, ತೊಳೆದರೂ ಉಳಿದಿವೆ. ಪಾವನ್ನು ಪಾತ್ರೆ ಅಂಗಡಿಗೆ ಒಯ್ದು, ಹೆಸರು ಕೊರೆಯುವ ಯಂತ್ರದಿಂದ ತಳದಲ್ಲಿ "270 ಮಿ.ಲೀ." ಎಂದು ಕೊರೆಸಿದೆ. ಮದುವೆಯ ಪಾತ್ರೆಗಳಿಗೆ ಊರು, ಹೆಸರು, ತಾರೀಖು ಕೊರೆದು ಅಭ್ಯಾಸವಾಗಿದ್ದ ಅಂಗಡಿಯವರು ಯಾರ ಹೆಸರನ್ನೂ ಹಾಕುವುದಿಲ್ಲವೇ ಎಂದು ಮತ್ತೆ ಕೇಳಿಕೊಂಡು ಕೊರೆದುಕೊಟ್ಟರು.

ಚಮಚಗಳಿಗೆ ಒಂದೇ ಕ್ರಮ. ಒಂದು ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿಯಲ್ಲಿ ಒಂದು ಚಮಚವನ್ನು ತೂಗಿದರೆ ತಪ್ಪು ಶೇಕಡಾ ಹತ್ತರಷ್ಟಾಗಬಹುದು, ಆದ್ದರಿಂದ ಹತ್ತು ಚಮಚ ಸವರಿ ಹಾಕಿ, ಒಟ್ಟು ತೂಕವನ್ನು ಹತ್ತರಿಂದ ಭಾಗಿಸಬೇಕು. ನಮ್ಮ ಸ್ಟೀಲ್ ಟೀ ಚಮಚ ನೀರಿನಲ್ಲಿ 4.1 ಗ್ರಾಂ, ಪುಡಿ ಉಪ್ಪಿನಲ್ಲಿ 4.9 ಗ್ರಾಂ. ಅಳತೆಯ ಟೀ ಚಮಚ ಐದು ಮಿಲಿಲೀಟರ್, ಅದರಲ್ಲಿ ಉಪ್ಪು ಆರು ಗ್ರಾಂ ಹಿಡಿಯುತ್ತದೆ. ಐದು ಮನೆ ಚಮಚ ಹಾಕುವ ಕಡೆ ನಾಲ್ಕು ಅಳತೆ ಚಮಚ ಸಾಕು.

ಪಾತ್ರೆಯೇ ಇಲ್ಲದ ಅಳತೆಗಳು ಉಳಿದಿವೆ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು ಎಂಬುದನ್ನು ಬೀಜ, ನಾರು ತೆಗೆದು ಅಮ್ಮನಿಂದಲೇ ಉಂಡೆ ಕಟ್ಟಿಸಿ ತೂಗಿದಾಗ 28 ಗ್ರಾಂ ಬಂತು, ಅದನ್ನು ಹಾಳೆಯ ಕೊನೆಯ ಸಾಲಿಗೆ ಸೇರಿಸಿದ್ದೇನೆ. ಹೊಸ ಹುಣಸೆಗಿಂತ ಕಪ್ಪಾದ ಹಳೆಯ ಹುಣಸೆಯ ಹುಳಿಯೇ ಬೇರೆಯಾದ್ದರಿಂದ ಸಾರಿಗೆ ಅದನ್ನು ಇನ್ನೂ ನಾಲಿಗೆಯ ಮೇಲೆಯೇ ನೋಡಿ ಹಾಕುತ್ತಾರೆ, ಮತ್ತು ಒಂದು ಹೋಳು ಕಾಯಿ ಎಂಬ ಸಾಲಿನ ಮುಂದೆ ನಾನು ಯಾವ ಸಂಖ್ಯೆಯನ್ನೂ ಬರೆದಿಲ್ಲ.